ಮಾವನ ಉಸಿರು, ಸೇಠನ ಬೆಲ್ಲ

ನೀವು ಎಷ್ಟು ಹೊತ್ತು ಉಸಿರು ಹಿಡಿಯಬಲ್ಲಿರಿ? ಬಾಯಿಮಾತಿನ ಜಂಬ ಬೇಡ, ಈಗಲೇ ಹಿಡಿಯಿರಿ. ಒಂದೇ ಬೆರಳಿನಲ್ಲಿ ಫೋನು ಕುಟ್ಟಿ ಬರೆದ ಈ ಪ್ಯಾರಾ ಮುಗಿಯುವವರೆಗೆ ಬಿಡುವಂತಿಲ್ಲ. ಮೂಗಿನ ಒಂದು ಹೊಳ್ಳೆಯಲ್ಲಿ ಮೆಲ್ಲಗೆ ಕದ್ದು ಎಳೆದುಕೊಳ್ಳುವವರು ಇರುತ್ತಾರೆ, ಅಂಥವರನ್ನು ನಾನು ಬಲ್ಲೆ; ಆ ವಿದ್ಯೆಯಲ್ಲಿ ವಡಾಲದ ನಮ್ಮ ಚಾಳಿನಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಬಿಟ್ಟಿರಾ? ಬಿಟ್ಟೇ ಇರುತ್ತೀರಿ. ಬಿಡಬೇಕು. ಇದು ಬಿಡದೆ ಹಿಡಿದುಕೊಂಡಿದ್ದ ಒಬ್ಬರ ಕಥೆ, ಮತ್ತು ಇದನ್ನು ಬರೆಯಲು ಕೂತಾಗ ನನಗೆ ಬಂದಿರುವುದು ಅಳುವಲ್ಲ, ಸಿಟ್ಟು.

ಸಿಟ್ಟು ಬರಿಸಿದ್ದು ಒಂದು ವಾಸನೆ. ಭಾಂಡುಪಿನಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ಶಟರ್ ಇರುವ ಒಂದು ಗ್ಯಾರೇಜಿದೆ. ನನ್ನ ಮೊಮ್ಮಗಳು ಎಲ್ಲಿಂದಲೋ ಒಂದು ಮುದಿ ಜೀಪು ತಂದು ಅಲ್ಲಿ ಇಟ್ಟುಕೊಂಡಿದ್ದಾಳೆ. ಬಾಡಿ ಬಿಚ್ಚಿ, ಇಂಜಿನು ಇಳಿಸಿ, ಬರಿಯ ಕಬ್ಬಿಣದ ಚೌಕಟ್ಟು ಉಳಿಸಿದ್ದಾಳೆ. ಚಾಸಿ ಎನ್ನುತ್ತಾರೆ ಅದಕ್ಕೆ, ಗಾಡಿಯ ಬೆನ್ನೆಲುಬು. ಅದರ ತುಕ್ಕು ಕೆರೆದು, ಮತ್ತೆ ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಸ್ಪ್ರೇ ಮಾಡಬೇಕಂತೆ. ಹೋದ ಭಾನುವಾರ ಮಧ್ಯಾಹ್ನ ನಾನು ಬಾಲ್ಕನಿಯ ಕರಿಬೇವಿಗೆ ನೀರು ಹಾಕುತ್ತಿದ್ದಾಗ ಕೆಳಗಿನಿಂದ ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಬಂತು. ಮೂಗಿನಲ್ಲಿ ನಿಲ್ಲದೆ ನೇರ ಹಣೆಗೆ ಹತ್ತುವ ವಾಸನೆ. ಕೈಯಲ್ಲಿದ್ದ ತಂಬಿಗೆ ಹಾಗೆಯೇ ನಿಂತಿತು. ಎದುರು ಕೋಣೆಯ ಮಾವ ಕೆಲಸ ಮುಗಿಸಿ ಚಾಳಿನ ಮೆಟ್ಟಿಲು ಹತ್ತುವಾಗ ಅವರಿಗಿಂತ ಮೊದಲು ಈ ವಾಸನೆ ಹತ್ತಿ ಬರುತ್ತಿತ್ತು...

ಐವತ್ತರ ದಶಕದ ಮಾತು. ನಾನು ಆಗ ಎರಡು ಜಡೆಯ ಹುಡುಗಿ. ಅಪ್ಪ ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಎದುರು ಕೋಣೆಯವರು ನಮಗೆ ಸಂಬಂಧಿಕರಲ್ಲ, ಆದರೆ ನಮ್ಮ ಊರ ಕಡೆಯವರು, ಹಾಗಾಗಿ ಮಾವ. ಅವರ ಹೆಂಡತಿ ಅತ್ತೆ. ಅವರಿಗೆ ಮಕ್ಕಳಿರಲಿಲ್ಲ, ಚಾಳಿನ ಅಷ್ಟೂ ಮಕ್ಕಳು ಅವರ ಕೋಣೆಯಲ್ಲೇ ಬಿದ್ದಿರುತ್ತಿದ್ದೆವು.

ಮಾವ ಉಡುಪಿಯ ಆಚೆ ಹೊಳೆ ಕಡಲಿಗೆ ಸೇರುವ ಕಡೆ ಹುಟ್ಟಿದವರು. ಸಣ್ಣವರಿದ್ದಾಗ ಹೊಳೆಯಲ್ಲಿ ಮುಳುಗಿ, ತಳದ ಕೆಸರಿನಿಂದ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರಂತೆ. ಮುಂಬಯಿಗೆ ಬಂದು ಮೊದಲು ಹೋಟೆಲಿನಲ್ಲಿ ಕಪ್ಪು ತೊಳೆದರು. ಆಮೇಲೆ ನಮ್ಮ ಚಾಳಿಗೆ ಹತ್ತಿರದ ಒಂದು ಮೋಟಾರು ಗ್ಯಾರೇಜಿಗೆ ಸೇರಿ, ಟ್ಯಾಕ್ಸಿಗಳ ಚಾಸಿಗೆ ಕೆಂಪು ಬಣ್ಣ ಹೊಡೆಯುವವರಾದರು. ಮುಂಬಯಿಯ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವುದನ್ನು ನೋಡಿದವರಿಗೆ ಆ ಬಣ್ಣದ ಬೆಲೆ ಗೊತ್ತು. ಮಳೆಗಾಲ ಮುಗಿಯಿತೆಂದರೆ ಟ್ಯಾಕ್ಸಿಗಳು ಗ್ಯಾರೇಜಿನ ಮುಂದೆ ಸಾಲು ನಿಲ್ಲುತ್ತಿದ್ದವು.

ಮಾವನಿಗೆ ಒಂದೇ ಒಂದು ಹೆಮ್ಮೆ. ಉಸಿರು. ಭಾನುವಾರ ಚಾಳಿನ ನಲ್ಲಿಯ ಹತ್ತಿರ ಬಕೆಟುಗಳನ್ನು ತುಂಬಿಸಿ ಸಾಲಾಗಿ ಇಡುವುದು, ಎಲ್ಲರೂ ಮುಖ ಮುಳುಗಿಸುವುದು, ಕೊನೆಗೆ ತಲೆ ಎತ್ತಿದವರು ಗೆದ್ದಂತೆ. ಮಾವ ಯಾವತ್ತೂ ಸೋಲುತ್ತಿರಲಿಲ್ಲ. ಒಂದು ಭಾನುವಾರ ನಾನು ಚಾಳಿನ ಹಿಂದಿನ ಪಪ್ಪಾಯಿ ಮರದಿಂದ ಎಲೆಯ ದಂಟು ಕಿತ್ತು, ಜಡೆಯೊಳಗೆ ಅಡಗಿಸಿ ತಂದೆ. ಪಪ್ಪಾಯಿ ದಂಟು ಕೊಳವೆಯ ಹಾಗೆ ಪೊಳ್ಳು, ಗೊತ್ತಲ್ಲ. ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ಕೂದಲಿನ ಮರೆಯಲ್ಲಿ ನೀರಿನ ಮೇಲೆ. ಮಾವ ತಲೆ ಎತ್ತಿ, ಕಾದು, ಕಾದು, ಕೊನೆಗೆ ನನ್ನ ಜಡೆ ಹಿಡಿದು ಎತ್ತಿದಾಗ ದಂಟು ನನ್ನ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು.

"ಇವಳು ಹುಡುಗಿ ಅಲ್ಲ ಮಾರಾಯ್ರೆ, ವಕೀಲ" ಎಂದು ಇಡೀ ಚಾಳಿಗೆ ಕೇಳುವ ಹಾಗೆ ನಕ್ಕಿದ್ದರು.

ಆ ಹೆಮ್ಮೆಯ ಮೇಲೆಯೇ ನನಗೆ ಇವತ್ತಿಗೂ ಸಿಟ್ಟು. ಏಕೆಂದರೆ ಅವರು ಬಣ್ಣ ಹೊಡೆಯುತ್ತಿದ್ದದ್ದೂ ಹಾಗೆಯೇ, ಹೊಳೆಗೆ ಧುಮುಕುವ ಹಾಗೆ. ಮುಖಕ್ಕೆ ಮುಸುಕಿಲ್ಲ, ಮೂಗಿಗೆ ಒಂದು ಕರವಸ್ತ್ರವೂ ಇಲ್ಲ. ಎದೆ ತುಂಬ ಉಸಿರು ಎಳೆದುಕೊಂಡು ಸ್ಪ್ರೇ ಗನ್ನು ಹಿಡಿದು ಒಳಗೆ ನುಗ್ಗುವುದು, ಚಾಸಿಯ ಒಂದು ಬದಿಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಮುಗಿಸುವುದು, ಓಡಿ ಬಂದು ಉಸಿರು ಬಿಡುವುದು, ಮತ್ತೆ ನುಗ್ಗುವುದು. ಬೇರೆ ಕೆಲಸಗಾರರು ಬಟ್ಟೆ ಕಟ್ಟಿಕೊಂಡರೆ ನಗುತ್ತಿದ್ದರಂತೆ. ತನ್ನೊಳಗೆ ಒಂದು ಹನಿ ಬಣ್ಣವೂ ಹೋಗುವುದಿಲ್ಲ ಎಂದು ಖಂಡಿತವಾಗಿ ನಂಬಿದ್ದರು. ಹೊಳೆ ಕುಡಿಯದೆ ಹೊಳೆಯೊಳಗೆ ಇದ್ದು ಬಂದವರು ತಾನೇ.

ನನಗೊಂದು ಅನುಮಾನ ಬಂತು. ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವ ಶೆಡ್ಡಿಗೆ ಒಂದೇ ಬಾಗಿಲು, ತಗಡಿನದ್ದು, ಪಕ್ಕಕ್ಕೆ ಸರಿಸುವಂಥದ್ದು. ಬಣ್ಣ ಹೊಡೆಯುವಾಗ ಅದನ್ನು ಮುಚ್ಚಲೇಬೇಕು ಎಂದು ಗ್ಯಾರೇಜಿನ ಮಾಲೀಕ ಸೇಠನ ಕಟ್ಟಪ್ಪಣೆ. ಆಚೆಗೆ ರೈಲಿನ ಹಳಿ, ಕಲ್ಲಿದ್ದಲಿನ ಗೂಡ್ಸು ಗಾಡಿಗಳು. ಧೂಳು ಬಂದು ಹಸಿ ಬಣ್ಣಕ್ಕೆ ಅಂಟಿದರೆ ಮತ್ತೆ ಕೆರೆದು ಮತ್ತೆ ಹೊಡೆಯಬೇಕು.

"ಮಾವ, ಹೊಳೆಯಲ್ಲಿ ಮೇಲೆ ಬಂದ್ರೆ ಗಾಳಿ ಉಂಟು. ಶೆಡ್ಡಲ್ಲಿ ಮೇಲೆ ಬಂದ್ರೆ ಎಂತ ಉಂಟು?" ಎಂದು ಕೇಳಿದೆ.

"ಬಾಗಿಲಲ್ಲಿ ಒಂದು ಸಂದು ಉಂಟು. ಅಲ್ಲಿ ಮೂಗು ಇಟ್ರೆ ಸಾಕು" ಎಂದರು. ಆಮೇಲೆ ಮಾತು ಬದಲಿಸಿದರು.

ಇನ್ನು ಬೆಲ್ಲದ ಸುದ್ದಿ. ಬಣ್ಣ ಹೊಡೆಯುವವರಿಗೆ ಸಂಜೆ ಒಂದೊಂದು ಉಂಡೆ ಬೆಲ್ಲ ಕೊಡುವುದು ಆ ಗ್ಯಾರೇಜಿನ ಪದ್ಧತಿ. ಒಳಗೆ ಹೋದ ಹೊಗೆ, ಧೂಳು, ಬಣ್ಣ ಎಲ್ಲವನ್ನೂ ಬೆಲ್ಲ ಎಳೆದುಕೊಂಡು ಕೆಳಗೆ ಇಳಿಸುತ್ತದೆ ಎಂದು ಸೇಠ ಹೇಳುತ್ತಿದ್ದ, ಎಲ್ಲರೂ ನಂಬುತ್ತಿದ್ದರು. ಅತ್ತೆಯೂ ನಂಬಿದ್ದಳು. "ಸೇಠ ಒಳ್ಳೆಯವ, ಯಾರು ಕೊಡ್ತಾರೆ ಈ ಕಾಲದಲ್ಲಿ" ಎನ್ನುತ್ತಿದ್ದಳು. ತನ್ನೊಳಗೆ ಏನೂ ಹೋಗಿಲ್ಲವೆಂದು ಮಾವ ಆ ಬೆಲ್ಲವನ್ನು ತಿನ್ನುತ್ತಲೂ ಇರಲಿಲ್ಲ. ಕಾಗದದಲ್ಲಿ ಸುತ್ತಿ ತಂದು ನಮಗೆ ಹಂಚುತ್ತಿದ್ದರು. ಕೊಲ್ಹಾಪುರದ ಬೆಲ್ಲ, ಬೆರಳಿಗೆ ಅಂಟುತ್ತಿತ್ತು. ಕಾಗದಕ್ಕೆ ಅಲ್ಲಲ್ಲಿ ಕೆಂಪು ಬೆರಳಚ್ಚು... ನಾವು ಕಾಗದವನ್ನೂ ನೆಕ್ಕಿದ್ದೇವೆ.

ಹೀಗಿರುವಾಗ ಒಂದು ಭಾನುವಾರ ನಾನು ಗೆದ್ದುಬಿಟ್ಟೆ. ಮೋಸವಿಲ್ಲ, ದಂಟಿಲ್ಲ, ಜಡೆಗಳನ್ನು ಬಿಚ್ಚಿ ತೋರಿಸಿಯೇ ಮುಖ ಮುಳುಗಿಸಿದ್ದೆ. ಪಕ್ಕದ ಬಕೆಟಿನಲ್ಲಿ ನೀರು ಎದ್ದ ಸದ್ದಾಯಿತು. ನಾನು ಇನ್ನೂ ಒಂದಿಷ್ಟು ಹೊತ್ತು ಹಾಗೆಯೇ ಇದ್ದು ತಲೆ ಎತ್ತಿದರೆ, ಮಾವ ನೆಲದ ಮೇಲೆ ಕೈ ಊರಿ ಕೂತಿದ್ದರು. ಕೆಮ್ಮು ನಿಲ್ಲುತ್ತಿರಲಿಲ್ಲ. ನಾನು ಗೆದ್ದೆ ಗೆದ್ದೆ ಎಂದು ಕುಣಿದೆ. ಕುಣಿಯುತ್ತಾ ಮೇಲೆ ನೋಡಿದೆ. ಗ್ಯಾಲರಿಯ ಕಟಾಂಜನ ಹಿಡಿದು ಅತ್ತೆ ನಿಂತಿದ್ದಳು. ಅವಳ ಮುಖ ನೋಡಿ ನನ್ನ ಕಾಲು ತಾನಾಗಿ ನಿಂತಿತು.

ಮರುದಿನ ಅತ್ತೆ ಡಬ್ಬಿ ಕಟ್ಟಿದಳು. ಮಾವ ಊಟಕ್ಕೆ ಮನೆಗೆ ಬರುವವರು, ಗ್ಯಾರೇಜಿಗೆ ಡಬ್ಬಿ ಹೋದದ್ದೇ ಇಲ್ಲ. "ಬಾ, ಮಜ್ಜಿಗೆ ತಂಬಿಗೆ ಹಿಡ್ಕೊ" ಎಂದು ನನ್ನನ್ನು ಕರೆದಳು.

ಶೆಡ್ಡಿನ ಬಾಗಿಲು ಮುಚ್ಚಿತ್ತು. ಒಳಗೆ ಗಾಳಿಯ ಪಂಪು ಗುಡುಗುತ್ತಿತ್ತು, ಬಾಗಿಲು ಬಡಿದರೂ ಯಾರಿಗೂ ಕೇಳಿಸದು. ಅತ್ತೆ ಡಬ್ಬಿ ಹಿಡಿದು ನಿಂತಳು. ನಾನು ನಿಲ್ಲುವವಳಲ್ಲ. ತಂಬಿಗೆ ಕೆಳಗಿಟ್ಟು, ತಗಡಿಗೆ ಹೆಗಲು ಕೊಟ್ಟು ಪೂರ್ತಿ ಸರಿಸಿದೆ.

ಕೆಂಪು ಮೋಡವೊಂದು ಹೊರಗೆ ಉರುಳಿತು. ಅದರ ನಡುವೆ ಮರದ ದಿಮ್ಮಿಗಳ ಮೇಲೆ ಒಂದು ಚಾಸಿ, ಅದರ ಪಕ್ಕದಲ್ಲಿ ಮಾವ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಕೆಂಪು. ಕೆನ್ನೆ ಉಬ್ಬಿಸಿಕೊಂಡು, ಇನ್ನೂ ಉಸಿರು ಹಿಡಿದೇ ನಿಂತಿದ್ದರು. ಒಳಗೆ ತಲೆ ಚಾಚಿ ಬಾಗಿಲಿನ ಒಳಮೈಯನ್ನು ನಾನು ಆಗ ನೋಡಿದೆ. ಇಡೀ ತಗಡು ಕೆಂಪಾಗಿತ್ತು. ಸಂದಿನ ಹತ್ತಿರ, ಅವರ ಎತ್ತರಕ್ಕೆ ಸರಿಯಾಗಿ, ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ ಬಣ್ಣ ನಿಂತಿರಲಿಲ್ಲ. ಮುಖ ಒತ್ತಿ ಒತ್ತಿ ತಗಡು ಹೊಳೆಯುತ್ತಿತ್ತು.

ಸೇಠ ಆಫೀಸಿನಿಂದ ಓಡಿ ಬಂದ. ಹಸಿ ಚಾಸಿ ನೋಡಿದ, ಬಾಗಿಲು ನೋಡಿದ, ನನ್ನನ್ನು ನೋಡಿದ. ಬೈಗುಳ ಬಾಯಿಂದ ಬರುವ ಮೊದಲೇ ಅತ್ತೆ ಎದುರು ನಿಂತು, ತನಗೆ ಬರುವ ಹರಕು ಹಿಂದಿಯಲ್ಲಿ, ಬಾಗಿಲು ಅರ್ಧ ತೆರೆದಿಡಿ, ಇವರಿಗೆ ಉಸಿರು ಆಗುತ್ತಿಲ್ಲ ಎಂದಳು. ಅವಳು ಪರಗಂಡಸಿನ ಮುಂದೆ ಬಾಯಿ ತೆರೆದದ್ದು ನಾನು ಕಂಡಂತೆ ಅದೇ ಮೊದಲು.

"ಗುಡ್ ದೇತಾ ಹೂಂ ನಾ ರೋಜ್? ಔರ್ ಕ್ಯಾ ಚಾಹಿಯೇ?" ಎಂದ ಸೇಠ. ದಿನಾ ಬೆಲ್ಲ ಕೊಡುತ್ತೇನಲ್ಲ, ಇನ್ನೇನು ಬೇಕು ಎಂದು. ಸಿಟ್ಟಿನಿಂದಲೂ ಅಲ್ಲ, ನಿಜವಾಗಿ ಅರ್ಥವಾಗದವನ ಹಾಗೆ ಕೇಳಿದ. ಅದಕ್ಕೇ ನನಗೆ ಅವನನ್ನು ಕ್ಷಮಿಸಲು ಆಗಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಅದಕ್ಕಿಂತ ದೊಡ್ಡ ಸಿಟ್ಟು ಇದೆ. ಅಷ್ಟರಲ್ಲಿ ಮಾವ ಬಾಗಿಲಿಗೆ ಬಂದಿದ್ದರು. ಅವರು ಸೇಠನಿಗೆ ಏನೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ನನ್ನ ಕಡೆ ತಿರುಗಿ, "ಯಾರು ಹೇಳಿದ್ದು ನಿಂಗೆ ಬಾಗಿಲು ತೆಗಿಲಿಕ್ಕೆ? ಅಧಿಕಪ್ರಸಂಗಿ. ನಡಿ ಮನೆಗೆ" ಎಂದು ಗದರಿದರು. ಆಮೇಲೆ ತಗಡಿನ ಬಾಗಿಲನ್ನು ತಾವೇ, ತಮ್ಮ ಕೈಯಾರೆ, ನಮ್ಮ ಮುಖದ ಮೇಲೆ ಎಳೆದುಕೊಂಡರು. ಒಳಗಿನಿಂದ ಕೆಮ್ಮು ಕೇಳಿಸಿತು, ನಂತರ ಪಂಪಿನ ಸದ್ದು. ನಾನು ಬಾಗಿಲು ತೆಗೆದದ್ದಕ್ಕೆ ಅವತ್ತೂ ಪಶ್ಚಾತ್ತಾಪ ಪಡಲಿಲ್ಲ, ಇವತ್ತೂ ಇಲ್ಲ. ಬಾಗಿಲನ್ನೇ ಕಿತ್ತು ಬರಬೇಕಿತ್ತು.

ಆ ಸಂಜೆ ಮಾವ ಬೆಲ್ಲದ ಪೊಟ್ಟಣ ತಂದಾಗ ಅತ್ತೆ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಗ್ಯಾಲರಿಯಿಂದ ಕೆಳಗಿನ ಕಸದ ಗುಂಡಿಗೆ ಎಸೆದಳು.

"ನಾಳೆಯಿಂದ ಇದು ಬೇಡ. ತರುವುದಾದ್ರೆ ಅರ್ಧ ಬಾಗಿಲು ತನ್ನಿ" ಎಂದಳು.

ಮಾವ ನಗಲು ಹೋದರು. ನಗು ಕೆಮ್ಮಾಯಿತು. ಶೆಡ್ಡಿನ ಬಾಗಿಲು ಮಾತ್ರ ತೆರೆಯಲಿಲ್ಲ.

ಮುಂದಿನದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಮೆಟ್ಟಿಲಿನ ತಿರುವಿನಲ್ಲಿ ಅವರು ಕೂತು ಸುಧಾರಿಸಿಕೊಳ್ಳುತ್ತಿದ್ದದ್ದು... ಭಾನುವಾರದ ಬಕೆಟುಗಳು ಬರಿಯ ಬಟ್ಟೆ ಒಗೆಯುವುದಕ್ಕಾದದ್ದು... ಕೊನೆಗೆ ಗ್ಯಾರೇಜಿನವರೇ ನಾಳೆಯಿಂದ ಬರಬೇಡ ಎಂದದ್ದು. ಉಸಿರಿಲ್ಲದವನು ಕೆಲಸಕ್ಕೆ ನಿಧಾನವಂತೆ. ಅವರ ಉಸಿರನ್ನು ತೆಗೆದುಕೊಂಡವರು ಯಾರೋ.

ಮಾವ, ಅತ್ತೆ ಊರಿಗೇ ಮರಳುವ ದಿನ ಅವರನ್ನು ಹಡಗು ಹತ್ತಿಸಲು ನಾವೆಲ್ಲ ಧಕ್ಕೆಗೆ ಹೋಗಿದ್ದೆವು. ಅತ್ತೆ ಟ್ರಂಕಿನ ಮೇಲೆ ಕೂತಿದ್ದಳು. ನಾನು ಬಾಗಿಲಿನ ದಿನದಿಂದ ಮಾವನ ಜೊತೆ ಟೂ ಬಿಟ್ಟಿದ್ದೆ. ಮುಖ ಆಚೆ ಮಾಡಿ ನಿಂತಿದ್ದೆ. ಅವರೇ ಹತ್ತಿರ ಬಂದು ನನ್ನ ಜಡೆ ಎಳೆದು, ಬಿಟ್ಟು ಬಿಟ್ಟು ಮಾತಾಡಿದರು.

"ವಕೀಲರೇ... ಪಪ್ಪಾಯಿ ದಂಟು ತಂದಿದ್ದೀರಾ? ಈ ಸಲ ನಂಗೆ ಬೇಕಿತ್ತು."

ನಾನು ಜಡೆ ಕಿತ್ತುಕೊಂಡು ಮತ್ತೆ ಆಚೆ ತಿರುಗಿದೆ. ಮುಂದಿನ ಮಳೆಗಾಲದ ಹೊತ್ತಿಗೆ ಊರಿನಿಂದ ಬಂದವರೊಬ್ಬರು ಅಪ್ಪನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಹೇಳಿದರು, ಮಾವ ತೀರಿಹೋದರಂತೆ. ಹೊಳೆ ಮನೆಯ ಮುಂದೆಯೇ ಇದ್ದರೂ ಒಮ್ಮೆಯೂ ನೀರಿಗೆ ಇಳಿಯಲಿಲ್ಲವಂತೆ.

ಹಾಗಾಗಿ ಹೋದ ಭಾನುವಾರ ಆ ವಾಸನೆ ಬಂದಾಗ ನಾನು ತಂಬಿಗೆ ಬಿಸಾಡಿ, ಕೋಲು ಹಿಡಿದು ಕೆಳಗೆ ಇಳಿದೆ. ಶಟರ್ ಮುಕ್ಕಾಲು ಇಳಿದಿತ್ತು. ಒಳಗೆ ಮೊಮ್ಮಗಳು ಮೂಗಿಗೆ ದುಪಟ್ಟಾ ಸುತ್ತಿಕೊಂಡು ಬಣ್ಣಕ್ಕೆ ಥಿನ್ನರು ಸುರಿಯುತ್ತಿದ್ದಳು. ಶಟರ್ ಯಾಕೆ ಇಳಿಸಿದೆ ಎಂದೆ.

"ಧೂಳು ಬರ್ತದೆ ಅಜ್ಜಿ. ಟೆನ್ಷನ್ ಮತ್ ಲೋ, ಪಾಂಚ್ ಮಿನಿಟ್ ಕೆಲಸ."

ಅದೇ ಧೂಳು. ಇಷ್ಟು ವರ್ಷವಾದರೂ ಈ ಊರಿನವರಿಗೆ ಕಬ್ಬಿಣಕ್ಕೆ ಧೂಳು ಹತ್ತುವುದರದ್ದೇ ಚಿಂತೆ. ನಾನು ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಅರ್ಧ ಅರ್ಥವಾಗಲಿಲ್ಲ, ಅದು ಒಳ್ಳೆಯದೇ. ಶಟರ್ ಮೇಲೆತ್ತಿಸಿ, ಅದರ ಕೆಳಗೆ ಸರಿಯಾಗಿ ಕುರ್ಚಿ ಹಾಕಿಸಿಕೊಂಡು ಕೂತೆ. ಇಳಿಸುವುದಾದರೆ ನನ್ನ ತಲೆಯ ಮೇಲೆ ಇಳಿಸು ಎಂದೆ. ಆಮೇಲೆ ಅವಳಿಗೆ ಮಾವನ ಕಥೆ ಹೇಳಿದೆ, ನಿಮಗೆ ಹೇಳಿದ ಹಾಗೆಯೇ. ಅವಳು ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿದಳು.

ನಿನ್ನೆ, ಅಂದರೆ ಈ ಭಾನುವಾರ, ಕೆಲಸ ಮತ್ತೆ ಶುರುವಾಯಿತು. ಶಟರ್ ಪೂರ್ತಿ ಮೇಲೆ, ಹಿಂದಿನ ಕಿಟಕಿಯಲ್ಲಿ ಗಾಳಿಯನ್ನು ಹೊರಗೆ ಎಳೆಯುವ ಫ್ಯಾನು. ಮುಖಕ್ಕೆ ಎರಡು ಕಡೆ ಗಾಳಿ ಸೋಸುವ ಡಬ್ಬಿಗಳಿರುವ ರಬ್ಬರಿನ ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಬೀಡಿ ಹಚ್ಚಿಕೊಂಡು ನೋಡಲು ಬಂದ ವಾಚ್‌ಮನ್ನನ್ನು ನಾನು ಕೋಲು ತೋರಿಸಿ ಗೇಟಿನವರೆಗೆ ಓಡಿಸಿದೆ. ಬಂದು ಗಾಳಿ ಬರುವ ಬದಿಯಲ್ಲಿ ದೂರ ನಿಂತೆ. ಅವಳು ಗನ್ನು ಎತ್ತಿ, ಚಾಸಿಯ ಈ ತುದಿಯಿಂದ ಶುರು ಮಾಡಿದಳು. ಕೆಂಪು ಬಣ್ಣ ಕಬ್ಬಿಣದ ಮೇಲೆ ಮೆಲ್ಲಗೆ ಹರಡುತ್ತಾ ಹೋಯಿತು. ಎದುರು ಕೋಣೆಯ ಮಾವ ಓಡುತ್ತಿದ್ದ ಅದೇ ಉದ್ದ. ಇವಳು ಓಡಲಿಲ್ಲ. ನಡುವೆ ನಿಂತಳು, ಕೈ ಬದಲಿಸಿದಳು, ಅವಸರವಿಲ್ಲದೆ ಆ ತುದಿ ಮುಟ್ಟಿದಳು.

ಅಲ್ಲಿಂದ ತಿರುಗಿ ನನ್ನನ್ನು ನೋಡಿದವಳು ಗನ್ನು ಕೆಳಗಿಟ್ಟು ಹೊರಗೆ ಬಂದು, ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

"ಅಜ್ಜಿ, ಮಾಸ್ಕ್ ನಾನು ಹಾಕಿದ್ದೇನೆ, ಶಟರ್ ಓಪನ್ ಉಂಟು. ನೀನ್ಯಾಕೆ ಉಸಿರು ಹಿಡ್ಕೊಂಡು ನಿಂತಿದ್ದೀ? ಛೋಡ್ ನಾ ಅಬ್, ಬಿಡು."