ವಿಭೂತಿಯ ಕೆಳಗಿದ್ದ ಗಾಯ

ಮೊದಲು ಟವೆಲ್ಲಿಗೆ ರಕ್ತ ಅಂಟಿತು. ಒಂದೇ ಚುಕ್ಕೆ. ಸ್ನಾನ ಮಾಡಿ ಮುಖ ಒರೆಸಿಕೊಂಡಿದ್ದೆ. ಕನ್ನಡಿಯಲ್ಲಿ ನೋಡಿದರೆ ಎಡಹುಬ್ಬಿನ ಮೇಲೆ ಮೆಕ್ಕೆಜೋಳದ ಕಾಳಿನಷ್ಟು ಒಂದು ಗಂಟು, ಅಂಚು ಮುತ್ತಿನಂತೆ ಹೊಳೆಯುತ್ತಿತ್ತು. ನೋವಿಲ್ಲ, ತುರಿಕೆಯಿಲ್ಲ. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಮತ್ತೆ ರಕ್ತ.

ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ಕನ್ನಡಿಯ ಮುಂದಿನಿಂದ ಸಿಸ್ಟರ್ ನನ್ನನ್ನು ಎಷ್ಟು ಸಲ ಎಳೆದುಕೊಂಡು ಹೋಗಿದ್ದಾರೋ! ಆ ವ್ಯಾನಿಟಿ ಈ ವಯಸ್ಸಿಗೂ ಹೋಗಿಲ್ಲ. ಮದುವೆಯಾಗಿ ಹರಪನಹಳ್ಳಿಗೆ ಬಂದ ಮೇಲೂ ವಿಭೂತಿಯನ್ನು ತೆಳ್ಳಗೆ ಒಂದೇ ಗೆರೆ ಎಳೆದು ಅತ್ತೆಯಿಂದ ಬೈಸಿಕೊಂಡವಳು. ಈಗ ಗಾಯ ಮುಚ್ಚಲು ಮೂರು ಬೆರಳು, ದಪ್ಪಗೆ, ಹುಬ್ಬಿನವರೆಗೆ. ಭಸ್ಮ ತಾಗಿದರೆ ಒಣಗೀತು ಎಂಬ ಆಸೆಯೂ ಒಳಗೆಲ್ಲೋ ಇತ್ತು. ಓಣಿಯವರಿಗೆ ಸಂತೋಷವೋ ಸಂತೋಷ. “ಕಾನ್ವೆಂಟ್ ಅಮ್ಮಗ ಕಡೀಗೂ ಭಕ್ತಿ ಬಂತು ನೋಡ್ರಿ!”

ಎರಡು ವರ್ಷ ಹಾಗೆಯೇ ಕಳೆದೆ.

ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಮೊಮ್ಮಗಳು ಸುಮಾ ನನ್ನ ಬರಿಹಣೆ ಕಂಡಳು. ಮರುದಿನವೇ ದಾವಣಗೆರೆ ಬಸ್ಸು ಹತ್ತಿಸಿದಳು. ಅಲ್ಲಿನ ಸ್ಕಿನ್ ಡಾಕ್ಟರು ಸುಮಾರು ಮೂವತ್ತೈದರ ಹೆಣ್ಣುಮಗಳು. ಬೆಳಿಗ್ಗೆ ಚರ್ಮದ ಕ್ಯಾನ್ಸರ್ ಸರ್ಜರಿ, ಸಂಜೆ ಮೊಡವೆ, ಬಂಗು, ಕಾಸ್ಮೆಟಿಕ್. ನಾವು ಹೋದದ್ದು ಸಂಜೆ. ವೇಟಿಂಗ್ ರೂಮಿನ ತುಂಬ ಮದುವೆ ಗೊತ್ತಾದ ಹುಡುಗಿಯರು, ನಡುವೆ ನಾನೊಬ್ಬ ಮುದುಕಿ.

“ನಿಮಗೂ ಬೆಳ್ಳಗಾಗಬೇಕೇನ್ರಿ ಅಜ್ಜಿ?” ಪಕ್ಕದ ಹುಡುಗಿ ಕೇಳಿದಳು.

“ಯಾಕ, ಆಗಬಾರದೇನ?” ಅಂದೆ.

ಡಾಕ್ಟರು ಒದ್ದೆ ಹತ್ತಿಯಿಂದ ವಿಭೂತಿ ಒರೆಸಿದರು. ಲೆನ್ಸ್ ಹಿಡಿದು ನೋಡಿದರು. ಅವರ ಮುಖದ ನಗು ನಿಂತಿತು.

“ಇಷ್ಟು ದಿನ ಯಾರೂ ನೋಡಲಿಲ್ಲೇನ್ರಿ ಅಜ್ಜಿ?”

“ನೋಡಬಾರದು ಅಂತನ ಹಚ್ಚಿದ್ದು.”

ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವಾರ ಬಿಟ್ಟು ಮತ್ತೆ ಹೋದೆವು.

ಕ್ಯಾನ್ಸರ್.

ಬೇಸಲ್ ಸೆಲ್ ಕಾರ್ಸಿನೋಮಾ ಎಂದು ಹೆಸರು. ಇದು ದೂರ ಹರಡುವುದು ತೀರಾ ಅಪರೂಪ, ಆದರೆ ಇದ್ದಲ್ಲೇ ಸುತ್ತಲಿನ ಮಾಂಸ ತಿನ್ನುತ್ತದೆ, ಕಣ್ಣು ಹತ್ತಿರದಲ್ಲಿದೆ, ಇನ್ನು ತಡ ಬೇಡ ಎಂದರು. ಬರುವ ಸೋಮವಾರಕ್ಕೆ ಡೇಟ್ ಕೊಟ್ಟರು.

ಅದೇ ವಾರದ ಗುರುವಾರ ಕೊಟ್ಟೂರಿನವರು ಸುಮಾಳನ್ನು ನೋಡಲು ಬರುವವರಿದ್ದರು. ಅವಳಪ್ಪ, ನನ್ನ ಮಗ ವೀರೇಶ, ತಲೆ ಹಿಡಿದುಕೊಂಡು ಕೂತ.

“ಅವ್ವ, ಇದೊಂದು ಮದುವಿ ಮುಗೀಲಿ. ಆರು ತಿಂಗಳು ಅಷ್ಟ. ಹಣಿಮ್ಯಾಗ ಪಟ್ಟಿ ಕಂಡ್ರ ಕುಷ್ಠ ಅಂತಾರ. ಇಲ್ಲಾಂದ್ರ ಇವರ ವಂಶದಾಗ ಕ್ಯಾನ್ಸರ್ ಐತಿ ಅಂತಾರ.”

“ಎರಡು ವರ್ಷ ನಾನು ಮುಚ್ಚಿಟ್ಟೆ. ಇನ್ನಾರು ತಿಂಗಳು ನೀ ಮುಚ್ಚಿಡ್ತೀಯೇನ?”

“ಹಂಗಾರ ಅವರು ಬಂದಾಗ ಒಳಗರ ಇರು.”

ಸೋಮವಾರ ಆಪರೇಷನ್ ಟೇಬಲ್ ಹತ್ತಿದೆ. ಲೋಕಲ್ ಅನಸ್ತೇಶಿಯಾ, ಎಚ್ಚರವಿದ್ದೆ. ನೋವಿಲ್ಲ, ಎಳೆತ ಮಾತ್ರ. ಸುಟ್ಟ ವಾಸನೆ ಬಂತು. ಅದು ನನ್ನದೇ ಚರ್ಮ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗಾಯದ ಸುತ್ತಲೂ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕೊಯ್ದು, ಪಕ್ಕದ ಚರ್ಮವನ್ನು ಜರುಗಿಸಿ ಹೊಲಿಯುತ್ತಿದ್ದರು.

“ಹುಬ್ಬು ಮ್ಯಾಲ ಏರಬಾರದಲ್ರಿ ಅಜ್ಜಿ, ಅದಕ್ಕ ಈ ಕಡೆ ಎಳೀತಿದೀನಿ.”

“ಎಳೀರಿ. ಸೊಟ್ಟ ಆದ್ರ ಜಗಳಕ್ಕ ಬರ್ತೀನಿ.”

ಮಾಸ್ಕಿನ ಹಿಂದೆ ಅವರು ನಕ್ಕದ್ದು ಕೇಳಿಸಿತು. ಸಾವಿನ ಭಯದಲ್ಲೂ ಹುಬ್ಬಿನ ಚಿಂತೆ ಮಾಡುವ ಮುದುಕಿಯನ್ನು ಆಕೆ ಸಣ್ಣವಳಾಗಿ ಕಾಣಲಿಲ್ಲ. ಅದಕ್ಕೆ ನಾನು ಋಣಿ.

ಗುರುವಾರಕ್ಕೆ ಎಡಗಣ್ಣು ಊದಿ ನೀಲಿಗಟ್ಟಿತ್ತು. ನನ್ನ ಹಠಕ್ಕೆ ಮೊಮ್ಮಗಳ ಮದುವೆ ಮುರಿಯಬಾರದಲ್ಲ? ಸುಮಾಳನ್ನು ಕರೆದೆ.

“ಇದು ನಿನ್ನ ಮದುವಿ. ನೀ ಹೇಳಿದ್ರ ಒಳಗ ಇರ್ತೀನಿ.”

“ನೀ ಒಳಗ ಕುಂತ್ರ ನಾನೂ ಒಳಗ ಕುಂದರ್ತೀನಿ. ಉಪ್ಪಿಟ್ಟು ಅಪ್ಪನ ಕೊಡ್ಲಿ. ಅಪ್ಪನ್ನ ನೋಡಿ ಹೋಗ್ಲಿ.”

ಪಡಸಾಲೆಯಲ್ಲಿ, ಎಲ್ಲರ ಎದುರಿನ ಕುರ್ಚಿಯಲ್ಲಿ ಕೂತೆ. ಹುಡುಗನ ಅಜ್ಜಿ ನನ್ನ ಪಟ್ಟಿಯನ್ನೇ ನೋಡುತ್ತಿದ್ದರು. “ಬಿದ್ರೇನ್ರಿ?”

“ಹೌದ್ರಿ, ಬಚ್ಚಲದಾಗ...” ವೀರೇಶ ಶುರು ಮಾಡಿದ.

“ಇಲ್ರಿ,” ಅಂದೆ. “ಚರ್ಮದ ಕ್ಯಾನ್ಸರ್. ಸೋಮವಾರ ತೆಗೆಸಿದೆ.”



ಹುಡುಗನ ಅಜ್ಜಿ ಪ್ಲೇಟು ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು. ಹುಡುಗ ನೆಲ ನೋಡಿದ. ಭಾನುವಾರ ಫೋನ್ ಬಂತು: ಜಾತಕ ಕೂಡಲಿಲ್ಲವಂತೆ. ಜಾತಕ ಕೂಡಿಸಿಕೊಂಡೇ ಬಂದಿದ್ದವರು!

ವೀರೇಶ ಗುರುವಾರದಿಂದಲೂ ನನ್ನೊಡನೆ ಮಾತು ಬಿಟ್ಟಿದ್ದ.  ಸುಮಾಳಿಗೆ ಆ ಹುಡುಗನ ಫೋಟೋ ಹಿಡಿಸಿತ್ತು ಎಂದು ನನಗೆ ಗೊತ್ತು. ಅಡಿಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತ ಅಂದಳು, “ಅಜ್ಜಿ, ನಿನ್ನ ಪಟ್ಟಿಗೆ ಓಡಿಹೋದೋರು, ನಾ ಜ್ವರ ಬಂದು ಮಲಗಿದ್ರ ಏನ್ ಮಾಡ್ತಿದ್ರೋ!” ನಗುತ್ತಲೇ ಅಂದಳು, ಕಣ್ಣು ಒರೆಸಿಕೊಂಡದ್ದನ್ನೂ ನೋಡಿದೆ. ಸಾರಿ ಹೇಳಲು ಬಾಯಿ ತೆರೆದೆ. ಬೇಡವೆಂದು ಕೈ ಮಾಡಿದಳು.

ಸೋಮವಾರ ಹೊಲಿಗೆ ಬಿಚ್ಚಿದರು. ರಿಪೋರ್ಟ್ ಬಂದಿತ್ತು: ಮಾರ್ಜಿನ್ಸ್ ಕ್ಲಿಯರ್, ಕೊಯ್ದ ಚರ್ಮದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಬಿಸಿಲಿಗೆ ಸನ್‌ಸ್ಕ್ರೀನ್, ಛತ್ರಿ, ಆರು ತಿಂಗಳಿಗೊಮ್ಮೆ ಚೆಕಪ್. ಕೆಂಪು ಗೆರೆ ಒಂದು ಉಳಿದಿದೆ, ಹುಬ್ಬು ಮಾತ್ರ ನೆಟ್ಟಗಿದೆ. ಇಂದಿಗೂ ಕೈಮೇಲೆ ಹೊಸ ಚುಕ್ಕೆ ಕಂಡರೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ.

ಅವತ್ತು ಮನೆಗೆ ಬಂದು ರಿಪೋರ್ಟನ್ನು ಟೇಬಲ್ ಮೇಲಿಟ್ಟೆ. ವೀರೇಶ ಎತ್ತಿಕೊಂಡು, ಬೆರಳಿಟ್ಟು, ಸಾಲು ಸಾಲಾಗಿ ಓದಿದ.

“ಕ್ಲಿಯರ್ ಅಂದ್ರ... ಪೂರಾ ಹೋತೇನವ್ವ?”

“ಈ ಸಲಕ್ಕ ಹೋತು,” ಅಂದೆ.