ಕೇಳದೆ ಬಿಟ್ಟ ಒಂದು ಪ್ರಶ್ನೆ

ಶಿರಸಿಯ ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅತೀಕನ ಕಂಪ್ಯೂಟರ್ ರಿಪೇರಿ ಅಂಗಡಿ. ಅಪ್ಪ ದಾವೂದ್ ಲಾರಿ ಓಡಿಸುತ್ತಿದ್ದವರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಕತೆ ಹೇಳಿ, ಕತೆ ಕೇಳಿ, ಒಂದು ದಿನದ ಪ್ರಯಾಣಕ್ಕೆ ಎರಡು ದಿನ ಹಿಡಿಸುತ್ತಿದ್ದರು. ಅತೀಕನಿಗೆ ಅದು ಸೇರುತ್ತಿರಲಿಲ್ಲ. ಅವನದು ಮಾತು ಕಡಿಮೆ, ಕೈ ಚುರುಕು. ಗಿರಾಕಿ ತನ್ನ ಗೋಳು ಹೇಳಿ ಮುಗಿಸುವಷ್ಟರಲ್ಲಿ ಇವನು ಸ್ಕ್ರೂ ಬಿಚ್ಚಿ ಮುಗಿಸಿರುತ್ತಿದ್ದ. "ಯಂತ್ರಾನೇ ಎಲ್ಲಾ ಹೇಳ್ತದೆ, ಜನ ಹೇಳೋದು ಬರೀ ಗೊಂದಲ" ಎನ್ನುವುದು ಅವನ ಹೆಮ್ಮೆಯ ಮಾತಾಗಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಸಿದ್ದಾಪುರದ ಸುಭಾಷ್ ಬಂದ. ಬಸ್ ಕಂಡಕ್ಟರು, ಮೈಮೇಲೆ ಖಾಕಿ, ಕಂಕುಳಲ್ಲಿ ಲ್ಯಾಪ್‌ಟಾಪು.

"ಅತೀಕ್ ಭಾಯ್, ಇದು ಬಿಸಿಯಾಗಿ ತನ್ನಷ್ಟಕ್ಕೇ ಆಫ್ ಆಗ್ತದೆ. ಅರ್ಧ ತಾಸೂ ಓಡೋದಿಲ್ಲ. ಮನೇಲಿ ನಮ್ಮವಳು..."

"ಇಟ್ಟು ಹೋಗಿ ಸುಭಾಷಣ್ಣ, ನೋಡ್ತೆ."

ಬಿಚ್ಚಿದರೆ ಫ್ಯಾನಿನ ತುಂಬ ಧೂಳು. ಊದಿ, ಒರೆಸಿ, ಬಿಸಿ ಹೊರಗೆಳೆಯುವ ಪೇಸ್ಟ್ ಒಣಗಿದ್ದನ್ನು ಕೆರೆದು ಹೊಸದು ಹಚ್ಚಿದ. ಗಾಜಿನ ಮೇಜಿನ ಮೇಲೆ ಇಡೀ ದಿನ ಓಡಿಸಿದರೂ ಅದು ಒಮ್ಮೆಯೂ ಆರಲಿಲ್ಲ. ಕೆಲಸ ಮುಗಿಯಿತೆಂದು ಕೊಟ್ಟುಬಿಟ್ಟ.

ಮರುವಾರವೇ ಅದು ತಿರುಗಿ ಬಂತು. ಫ್ಯಾನನ್ನೇ ಬದಲಿಸಿದ. ಅಂಗಡಿಯಲ್ಲಿ ಮತ್ತೆ ಸರಿಯಾಗೇ ನಡೆಯಿತು. ಮೂರನೆಯ ಸಲ ಸುಭಾಷ್ ಬಂದಾಗ ಅತೀಕನಿಗೆ ಸಿಟ್ಟೇ ಬಂತು. ತನ್ನ ಕೆಲಸಕ್ಕೆ ಕೊಂಕು ತೆಗೆದ ಹಾಗೆ ಅನ್ನಿಸಿತು.

"ಇಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಓಡ್ತದೆ. ನಿಮ್ಮನೇಲಿ ಮಾತ್ರ ನಿಲ್ತದೆ ಅಂದ್ರೆ ಎಂತ ಅರ್ಥ? ಕರೆಂಟ್ ಸರಿ ಇಲ್ಲ, ಇಲ್ಲಾ ಬಳಸೋರಿಗೆ ಬಳಸ್ಲಿಕ್ಕೆ ಬರೋದಿಲ್ಲ."

ಸುಭಾಷನ ಮುಖ ಸಣ್ಣದಾಯಿತು. "ಹಾಗಲ್ಲ ಮಾರಾಯ್ರೇ, ಅವಳಿಗೆ..." ಎಂದು ಬಾಯಿ ತೆರೆದ. ಅತ್ತ ನಿಲ್ದಾಣದಲ್ಲಿ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ. ಇತ್ತ ಅತೀಕ್ ಆಗಲೇ ಬೇರೆ ಗಿರಾಕಿಯ ಕಡೆ ತಿರುಗಿದ್ದ. ಸುಭಾಷ್ ಮಾತು ನುಂಗಿಕೊಂಡು ಹೋದ.

ಆಮೇಲೆ ಚಾರ್ಜರ್ ಬದಲಾಯಿತು, ವಿಂಡೋಸ್ ಹೊಸದಾಗಿ ಹಾಕಿದ್ದಾಯಿತು. ಚಳಿಗಾಲವಿಡೀ ಆ ಲ್ಯಾಪ್‌ಟಾಪು ಬಸ್ಸಿನಲ್ಲಿ ಶಿರಸಿಗೂ ಸಿದ್ದಾಪುರಕ್ಕೂ ಓಡಾಡಿತು. ಕೊನೆಗೆ ಸುಭಾಷನಿಗೆ ಬೇರೆ ಮಾರ್ಗದ ಡ್ಯೂಟಿ ಬಿದ್ದು, ಅದು ಅಂಗಡಿಯಲ್ಲೇ ಉಳಿಯಿತು.

ಏಪ್ರಿಲ್‌ನಲ್ಲಿ ಅತೀಕ್ ನೆಂಟರ ಮದುವೆಗೆಂದು ಸಿದ್ದಾಪುರಕ್ಕೆ ಹೊರಟವನು ಅದನ್ನೂ ಚೀಲಕ್ಕೆ ಹಾಕಿಕೊಂಡ. ಸುಭಾಷನ ಮನೆ ಹುಡುಕಿ ಬಾಗಿಲು ತಟ್ಟಿದ.

"ಒಳಗೆ ಬನ್ನಿ, ಬಾಗಿಲು ಹಾಕಿಲ್ಲ" ಎಂದು ಹೆಂಗಸಿನ ದನಿ ಕೇಳಿತು.

ಕಿಟಕಿಯ ಪಕ್ಕದ ಮಂಚದಲ್ಲಿ ಸುಭಾಷನ ಹೆಂಡತಿ ಶ್ರೀಲಕ್ಷ್ಮಿ ಒಂದು ಮಗ್ಗುಲಾಗಿ ಮಲಗಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅಕ್ಕೋರು. ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಎದ್ದು ಕೂರಲಾಗುತ್ತಿರಲಿಲ್ಲ. ಅತೀಕನಿಗೆ ಇದೆಲ್ಲ ತಿಳಿದದ್ದು ಆವತ್ತೇ. ತಾನು ಶಿರಸಿಯ ರಿಪೇರಿ ಅಂಗಡಿಯ ಅತೀಕ್ ಎಂದು ಹೇಳಿ ಚೀಲ ಬಿಚ್ಚಿದ.

"ರಿಪೇರಿ ಆಯ್ತಾ? ಇಲ್ಲೇ ಇಟ್ಟುಬಿಡಿ" ಎಂದು ಅವಳು ತಲೆದಿಂಬಿನ ಪಕ್ಕ ಮಡಚಿಟ್ಟ ರಜಾಯಿ ತೋರಿಸಿದಳು.

ಅತೀಕ್ ಇಟ್ಟ. ಲ್ಯಾಪ್‌ಟಾಪು ಹತ್ತಿಯೊಳಗೆ ಮೆತ್ತಗೆ ಹೂತುಕೊಂಡಿತು. ಅದರ ಕೆಳಗೆ ಕೈ ಹಾಕಿ ನೋಡಿದ. ಗಾಳಿ ಎಳೆಯುವ ಕಿಂಡಿಗಳೆಲ್ಲ ರಜಾಯಿಯಲ್ಲಿ ಮುಚ್ಚಿಹೋಗಿದ್ದವು.

"ಅಕ್ಕೋರೆ, ಯಾವಾಗ್ಲೂ ಇಲ್ಲೇ ಇಡ್ತಿದ್ರಾ?"

"ಮತ್ತೆಲ್ಲಿ ಇಡೋದು? ನಂಗೆ ಕೂರ್ಲಿಕ್ಕೆ ಆಗೋದಿಲ್ಲವಲ್ಲ."

ಅಡುಗೆಮನೆಯಿಂದ ಒಂದು ಮಣೆ ತಂದು ಅದರ ಮೇಲೆ ಇಟ್ಟು ಆನ್ ಮಾಡಿದ. ಅಷ್ಟೇ. ಒಂದು ತಾಸು ಕಳೆದರೂ ಅದು ಆರಲಿಲ್ಲ. ಆ ಒಂದು ತಾಸಿನಲ್ಲಿ ಅವಳು ಉಳಿದದ್ದನ್ನು ಹೇಳಿದಳು. ಮಲಗಿದಲ್ಲಿಂದಲೇ ಹತ್ತನೇ ತರಗತಿ ಮಕ್ಕಳಿಗೆ ವಿಡಿಯೋದಲ್ಲಿ ಪಾಠ ಹೇಳುತ್ತಿದ್ದಳಂತೆ. ವರ್ಗ ಸಮೀಕರಣದ ಲೆಕ್ಕ ಅರ್ಧಕ್ಕೆ ಬಂದಾಗ ಪರದೆ ಕಪ್ಪಾಗುತ್ತಿತ್ತು. ಫೋನಿನಲ್ಲಿ ಮಾಡಿ ನೋಡಿದರೆ ಅವಳು ಬರೆದದ್ದು ಮಕ್ಕಳಿಗೆ ಕಾಣುತ್ತಿರಲಿಲ್ಲ. ಮೊದಮೊದಲು ಕಾದರು. ಆಮೇಲೆ ಒಬ್ಬೊಬ್ಬರೇ ಪೇಟೆಯ ಟ್ಯೂಷನ್ನಿಗೆ ಹೋದರು. ಕಡೆಗೆ ಉಳಿದವಳು ಕಾವ್ಯಶ್ರೀ ಎಂಬ ಹುಡುಗಿ. ಸಂಕ್ರಾಂತಿಯ ಹೊತ್ತಿಗೆ ಅವಳೂ ಬಿಟ್ಟಳು.

"ಪರೀಕ್ಷೆ ಮುಗೀತಲ್ಲ ಈಗ" ಎಂದು ಶ್ರೀಲಕ್ಷ್ಮಿ ನಕ್ಕಳು. "ನಿಮ್ಮ ತಪ್ಪು ಎಂತ ಇಲ್ಲ ಬಿಡಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮದುವೆಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಅತೀಕನ ತಲೆಯಲ್ಲಿ ಒಂದೇ ಮಾತು ಸುಳಿಯುತ್ತಿತ್ತು. ಎಲ್ಲಿಟ್ಟು ಬಳಸುತ್ತೀರಿ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು.

ಮುಂದಿನ ವಾರ ಬಡಗಿಯ ಹತ್ತಿರ ಹಾಸಿಗೆಗೆ ಅಡ್ಡ ನಿಲ್ಲುವ ನಾಲ್ಕು ಕಾಲಿನ ಪುಟ್ಟ ಮೇಜು ಮಾಡಿಸಿ ಒಯ್ದುಕೊಟ್ಟ. ತನ್ನ ಮಗಳು ಸನಾ ಈ ವರ್ಷ ಹತ್ತನೇ ತರಗತಿ, ಅವಳಿಗೆ ಕಲಿಸುತ್ತೀರಾ ಎಂದು ಕೇಳಿದ. ಶ್ರೀಲಕ್ಷ್ಮಿ ಒಪ್ಪಲಿಲ್ಲ.

"ಈಗ ಪಾಠ ಅಂದ್ರೆ ಎದೆ ಹೊಡ್ಕೊಳ್ತದೆ. ಎಲ್ಲಿ ನಡುವೆ ನಿಂತು ಹೋಗ್ತದೋ ಅಂತ. ಬೇಡ ಅತೀಕಣ್ಣ, ಒತ್ತಾಯ ಮಾಡಬೇಡಿ."

ಮಳೆಗಾಲ ಹಿಡಿದ ಮೇಲೆ ಸುಭಾಷನಿಗೆ ಮತ್ತೆ ಶಿರಸಿಯ ಡ್ಯೂಟಿ ಬಂತು. ಲ್ಯಾಪ್‌ಟಾಪನ್ನು ಅಂಗಡಿಯ ಮೇಜಿನ ಮೇಲಿಟ್ಟು ಹೇಳಿದ, "ಯಾರಿಗಾದ್ರೂ ಕೊಟ್ಟುಬಿಡಿ. ಕಣ್ಣೆದುರು ಇದ್ರೆ ಅವಳಿಗೆ ಸಂಕಟ."

"ಇನ್ನೊಂದು ವರ್ಷ ಇಟ್ಕೊಳ್ಳಿ ಸುಭಾಷಣ್ಣ. ಮನಸ್ಸು ತಿರುಗಬಹುದು."

"ನಾನೂ ಅದನ್ನೇ ಹೇಳ್ದೆ. ಕೇಳೋದಿಲ್ಲ."

ಅತೀಕ್ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ. ಸುಭಾಷನ ಜೊತೆ ನಿಲ್ದಾಣದವರೆಗೆ ನಡೆದ. "ಅಕ್ಕೋರು ಹೇಗಿದ್ದಾರೆ? ಊಟ ಗೀಟ ಸರಿ ಮಾಡ್ತಾರಾ?" ಎಂದು ಕೇಳಿದ. ಸುಭಾಷ್ ಮಳೆಗೆ ಕೊಡೆ ಬಿಚ್ಚುತ್ತ, ಮೆಲ್ಲಗೆ ಹೇಳಲು ಶುರುಮಾಡಿದ. ಅತೀಕ್ ನಡುವೆ ಬಾಯಿ ಹಾಕಲಿಲ್ಲ.