ಭೈರಮ್ಮನ ಮಂಕರಿ

ದಂಡಿನಶಿವರದ ರಸ್ತೆಯಲ್ಲಿ ಪರಮಶಿವಯ್ಯನವರ ಕೊಬ್ಬರಿ ಗೋಡೌನಿನ ಎದುರಿಗೇ ನನ್ನ ಟೀ ಅಂಗಡಿ. ಅಲ್ಲಿ ಕೊಬ್ಬರಿ ಒಡೆಯುವ ಹೆಂಗಸರಲ್ಲಿ ಭೈರಮ್ಮನೇ ಹಳಬಳು. ನನ್ನ ಪಕ್ಕದ ಮನೆಯವಳು. ಅಟ್ಟದ ಮೇಲೆ ಒಂದು ವರ್ಷದಷ್ಟು ಕಾಲ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಒಳಗೆ ಉಂಡೆ ಗಡಗಡ ಅಂದರೆ ಚಿಪ್ಪಿಗೆ ಮಚ್ಚಿನಿಂದ ಹದವಾಗಿ ಏಟು ಕೊಡುತ್ತಾಳೆ. ಕೊಬ್ಬರಿ ಸೀಳಿದರೆ ದರ ಬಿತ್ತು, ಬೈಗುಳವೂ ಬಿತ್ತು.

ಕೊಬ್ಬರಿ ಸಾಹುಕಾರರದ್ದು. ಸಂಜೆ ಮನೆಗೆ ಹೊರಡುವಾಗ ಒಂದು ಬಿದಿರು ಮಂಕರಿ ತುಂಬ ಚಿಪ್ಪು ಒಡೆದವಳದ್ದು. ಕೇಳುವವರೂ ಇರಲಿಲ್ಲ, ಕೊಟ್ಟೆ ಅನ್ನುವವರೂ ಇರಲಿಲ್ಲ. ಭೈರಮ್ಮನ ಬಚ್ಚಲ ಹಂಡೆ ಆ ಚಿಪ್ಪಿನಲ್ಲೇ ಕಾಯುತ್ತಿತ್ತು. ಗ್ಯಾಸ್ ಇಲ್ಲವೇ ಅಂತ ಕೇಳಬೇಡಿ, ಇದೆ. ಹಂಡೆ ನೀರಿಗೆ ಗ್ಯಾಸ್ ಉರಿಸುವಷ್ಟು ದೊಡ್ಡಸ್ತಿಕೆ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಅದೂ ಈಗ ಮಗಳು ಗಂಗಲಕ್ಷ್ಮಿ ಹಸಿ ಬಾಣಂತಿ. ಎರಡು ಹೊತ್ತೂ ಸುಡುಸುಡು ನೀರು ಬೇಕು, ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯಲು ಕೆಂಡ ಬೇಕು.

ಈ ವರ್ಷ ಇಂಡೋನೇಷ್ಯಾದ ಕಡೆ ಕಾಯಿ ಕಮ್ಮಿಯಾಯಿತಂತೆ. ಅಲ್ಲಿ ಕಮ್ಮಿಯಾದರೆ ಇಲ್ಲಿ ಬೆಲೆ ಏರುತ್ತದೆ, ಅದೇನು ಲೆಕ್ಕವೋ. ಒಂದು ವರ್ಷ ಅಟ್ಟದಲ್ಲಿಟ್ಟು ಕಾಯುವ ತಾಳ್ಮೆ ಯಾರಿಗಿದೆ? ರೈತರು ಹಸಿಕಾಯನ್ನೇ ಮಾರಿಕೊಂಡರು. ಗೋಡೌನಿಗೆ ಒಣಕಾಯಿ ಬರುವುದು ಅರ್ಧಕ್ಕಿಳಿಯಿತು. ಅದರ ಮೇಲೆ ಚಿಪ್ಪಿನ ಇದ್ದಿಲಿಗೆ ಹೊರದೇಶದಿಂದ ಬೇಡಿಕೆ. ಮೋಸ ಹೋದವನ ಕೈಗೆ ಚಿಪ್ಪು ಬಂತು ಅಂತ ನಗುತ್ತಿದ್ದೆವು. ಈಗ ಅದೂ ಬರುವ ಹಾಗಿಲ್ಲ.

"ಅಷ್ಟೊಂದು ಇದ್ಲು ಏನ್ ಮಾಡ್ತಾರಪ್ಪಾ ಅವ್ರು?" ಅಂತ ಭೈರಮ್ಮ ಚಿಪ್ಪು ತುಂಬಲು ಬಂದ ಲಾರಿಯವನನ್ನು ಕೇಳಿದಳು.

"ಕುಡಿಯೋ ನೀರು ಸೋಸ್ತಾರಂತೆ ಕಣಮ್ಮ."

"ಸೋಸ್ಕೊಳ್ಲಿ. ನಮ್ ನೀರು ಕಾಯೋದು ಬ್ಯಾಡ್ವಾ?"

ನಾಯಿಯೂ ಮೂಸದೆ ಬಿದ್ದಿರುತ್ತಿದ್ದ ಚಿಪ್ಪು ಕಳುವಾಗತೊಡಗಿತು. ಗೇಟು ಬಂತು, ಕ್ಯಾಮೆರಾ ಬಂತು, ಕಾವಲಿಗೆ ಭೈರಮ್ಮನ ಗಂಡ ಗಂಗಯ್ಯನೇ ಬಂದ. ಮರ ಹತ್ತಿ ಹತ್ತಿ ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತಿದ್ದವನಿಗೆ ಖಾಕಿ ಷರಟು, ಒಂದು ಸೀಟಿ. ಭೈರಮ್ಮ ಆವತ್ತು ನನ್ನ ಅಂಗಡಿಯಲ್ಲಿ ಎಲ್ಲರಿಗೂ ಟೀ ಕುಡಿಸಿದ್ದಳು.

ಸೋಮವಾರ ಬೆಳಿಗ್ಗೆ ಪರಮಶಿವಯ್ಯನವರು ಹೆಂಗಸರನ್ನು ಕರೆದು, ಇನ್ನು ಮೇಲೆ ಚಿಪ್ಪು ಹೊರಗೆ ಹೋಗಬಾರದು ಎಂದರು. ಸಂಜೆ ಎಲ್ಲರೂ ಬರಿ ಮಂಕರಿ ಹಿಡಿದು ಬಂದರು. ಭೈರಮ್ಮ ಮಾತ್ರ ತುಂಬಿಸಿಕೊಂಡು ಬಂದಳು, ಮೇಲೊಂದು ಚೀಲವನ್ನೂ ಮುಚ್ಚದೆ. ಬಾಣಂತಿ ಮನೆಗೆ ಬೆಂಕಿ ಇಲ್ಲ ಅನ್ನಬಾರದು ಎಂಬುದು ನಮ್ಮ ಕಡೆಯ ಮಾತು. ಆ ಮಾತು ಈ ಗೇಟಿಗೂ ಸಲ್ಲುತ್ತದೆ ಅಂತ ನಂಬಿದ್ದಳು.

"ಕೆಳಗಿಳ್ಸೇ," ಎಂದ ಗಂಗಯ್ಯ.

"ನಿನ್ ಮೊಮ್ಮಗೀನ ನೀರಿಗೆ ಕಣಯ್ಯ."

"ಗೊತ್ತು ಕಣೇ. ಮೇಲೆ ಕ್ಯಾಮೆರಾ ಐತೆ. ನಿನ್ನ ಬುಟ್ರೆ ಎಲ್ರನ್ನೂ ಬುಡ್ಬೇಕು. ಇರೋ ಕೆಲ್ಸಾನೂ ಹೋಯ್ತದೆ."

ಅವಳು ಇಳಿಸಲಿಲ್ಲ. ಅವನೇ ಅವಳ ತಲೆಯ ಮೇಲಿಂದ ಮಂಕರಿ ಇಳಿಸಿ ರಾಶಿಗೆ ಸುರಿದು, ಬರಿದನ್ನು ಅವಳ ಕೈಗೆ ಕೊಟ್ಟ. ಉಳಿದ ಹೆಂಗಸರು ನೆಲ ನೋಡುತ್ತಿದ್ದರು. ಬೈದುಬಿಡೋಣ ಅನ್ನಿಸಿತು. ಆದರೆ ಬೈಯುವುದು ಯಾರನ್ನು? ಗಂಗಯ್ಯನದು ಹೊಟ್ಟೆಪಾಡು. ಪರಮಶಿವಯ್ಯನವರಿಗೂ ಚಿಪ್ಪು ಮಾರಿದರೇ ಕೂಲಿ ಕೊಡಲು ಗಿಟ್ಟುವುದು. ಇಂಡೋನೇಷ್ಯಾ ಎಲ್ಲಿದೆಯೋ, ಅಲ್ಲಿಗೆ ಹೋಗಿ ಬೈದು ಬರಲು ನನ್ನಲ್ಲಿ ಶಕ್ತಿಯಿಲ್ಲ.

ಅಂಗಡಿ ಮುಚ್ಚಿ, ಬಾಣಂತಿಗೆಂದು ಹಾಲು ಕೊಡಲು ಹೋದೆ. ಭೈರಮ್ಮ ಬಚ್ಚಲೊಲೆಯ ಮುಂದೆ ಕೂತು ಮಂಕರಿಯನ್ನು ಕಾಲಲ್ಲಿ ಮೆಟ್ಟಿ ಮುರಿದು ಒಲೆಗೆ ತುರುಕುತ್ತಿದ್ದಳು. ಅಷ್ಟರಲ್ಲಿ ಗಂಗಯ್ಯ ಬಂದು ಬಾಗಿಲಲ್ಲೇ ನಿಂತ.

"ಏನೇ ಅದು?"

"ಮಂಕರಿ. ನಾಳೆಯಿಂದ ಬರಿಗೈಲಿ ಬತ್ತೀನಿ. ನೀನು ನನ್ನ ತಡೆಯೋದೂ ತಪ್ತು."

ನೀರೇನೋ ಕಾಯಿತು. ಮಗುವಿಗೆ ಎರೆದು ಬಟ್ಟೆಯಲ್ಲಿ ಸುತ್ತಿ, "ಕೆಂಡ ತತ್ತಾ," ಎಂದಳು ಭೈರಮ್ಮ. ಗಂಗಯ್ಯ ಖಾಕಿ ಷರಟಿನಲ್ಲೇ ಒಲೆಯ ಮುಂದೆ ಕುಕ್ಕರಿಸಿ, ಕಡ್ಡಿಯಿಂದ ಕೆದಕುತ್ತಲೇ ಇದ್ದ. ಬಿದಿರೆಲ್ಲ ಬೂದಿಯಾಗಿತ್ತು.